ಬಹುಪರಮಾಣು ಅಯಾನಿಗೆ ಉತ್ಕರ್ಷಣ ಸಂಖ್ಯೆ ಹಾಕುವ ಕ್ರಮ: ಎಲ್ಲಿ ತಪ್ಪುತ್ತದೆ, ಹೇಗೆ ಹಿಡಿಯುವುದು

ಸಲ್ಫೇಟ್ ಅಯಾನಿನಲ್ಲಿ ಸಲ್ಫರ್‌ನ ಉತ್ಕರ್ಷಣ ಸಂಖ್ಯೆ +6. ಆದರೆ ಲೆಕ್ಕ ಮಾಡಿದವರ ಹಾಳೆಯಲ್ಲಿ ಬೇರೆ ಮೂರು ಉತ್ತರಗಳು ಮತ್ತೆ ಮತ್ತೆ ಕಾಣುತ್ತವೆ: +8, 0, +10. ಮೂರೂ ತಪ್ಪೇ, ಆದರೆ ಮೂರಕ್ಕೂ ಕಾರಣ ಬೇರೆ. +8 ಬಂದಿದ್ದರೆ ಅಯಾನಿನ ಮೇಲಿರುವ ಚಾರ್ಜ್ ಮರೆತು ಮೊತ್ತವನ್ನು ಸೊನ್ನೆ ಅಂದುಕೊಂಡಿದ್ದೀರಿ. 0 ಬಂದಿದ್ದರೆ ನಾಲ್ಕು ಆಕ್ಸಿಜನ್ ಇರುವಲ್ಲಿ ಒಂದನ್ನೇ ಲೆಕ್ಕಕ್ಕೆ ಹಿಡಿದಿದ್ದೀರಿ. +10 ಬಂದಿದ್ದರೆ ಚಾರ್ಜಿನ ಚಿಹ್ನೆ ಉಲ್ಟಾ ಆಗಿದೆ.

ನಿಯಮ ಗೊತ್ತಿಲ್ಲದೆ ತಪ್ಪುವವರು ಕಡಿಮೆ. ನಿಯಮಗಳೆಲ್ಲ ಬಾಯಿಗೆ ಬಂದಿದ್ದೂ ತಪ್ಪುವವರೇ ಜಾಸ್ತಿ. ಯಾವುದನ್ನು ಮೊದಲು ಹಾಕಬೇಕು, ಯಾವುದನ್ನು ಆಮೇಲೆ ಅನ್ನುವುದು ಅವರ ಪಟ್ಟಿಯಲ್ಲಿ ಇರುವುದಿಲ್ಲ. ಅದಕ್ಕೇ ಇಲ್ಲಿ ಕ್ರಮದ ಬಗ್ಗೆ ಜಾಸ್ತಿ ಮಾತಾಡಿದ್ದೇನೆ.

## ಶುರು ಮಾಡುವ ಮೊದಲು

ಹಾಳೆ, ಪೆನ್ಸಿಲ್, ಒಂದು ಆವರ್ತಕ ಕೋಷ್ಟಕ. ಜೊತೆಗೆ ವಿದ್ಯುದೃಣತೆಯ, ಅಂದರೆ ಬಂಧದ ಎಲೆಕ್ಟ್ರಾನುಗಳನ್ನು ಪರಮಾಣು ತನ್ನ ಕಡೆ ಎಷ್ಟು ಎಳೆಯುತ್ತದೆ ಅನ್ನುವುದರ, ಪಟ್ಟಿ ಸಿಕ್ಕರೆ ಒಳ್ಳೆಯದು. ಎಲ್ಲ ಅಯಾನಿಗೂ ಅದು ಬೇಕಾಗುವುದಿಲ್ಲ, ಆದರೆ ಬೇಕಾದಾಗ ಅದಿಲ್ಲದೆ ಆಗುವುದಿಲ್ಲ. ಪೌಲಿಂಗ್ ಅಳತೆಯಲ್ಲಿ ಈ ಏಳು ಬೆಲೆಗಳಿದ್ದರೆ ಬಹುಮಟ್ಟಿಗೆ ಸಾಕು: ಫ್ಲೋರಿನ್ 3.98, ಆಕ್ಸಿಜನ್ 3.44, ಕ್ಲೋರಿನ್ 3.16, ನೈಟ್ರೋಜನ್ 3.04, ಕಾರ್ಬನ್ 2.55, ಹೈಡ್ರೋಜನ್ 2.20, ಬೋರಾನ್ 2.04.

ಉತ್ಕರ್ಷಣ ಸಂಖ್ಯೆ ಅಂದರೆ ಏನು ಅನ್ನುವುದನ್ನೂ ಒಂದು ಸಲ ಸರಿ ಮಾಡಿಕೊಳ್ಳೋಣ. ಎರಡು ಬೇರೆ ಧಾತುಗಳ ನಡುವಿನ ಬಂಧದಲ್ಲಿ ಹಂಚಿಕೆಯಾದ ಎಲೆಕ್ಟ್ರಾನುಗಳನ್ನು ಪೂರ್ತಿಯಾಗಿ ಜಾಸ್ತಿ ಎಳೆಯುವ ಪರಮಾಣುವಿಗೇ ಕೊಟ್ಟುಬಿಟ್ಟರೆ, ಪ್ರತಿ ಪರಮಾಣುವಿನ ಮೇಲೆ ಎಷ್ಟು ಚಾರ್ಜ್ ಉಳಿಯುತ್ತದೋ ಅದು. ಒಂದೇ ಧಾತುವಿನ ಎರಡು ಪರಮಾಣುಗಳ ನಡುವಿನ ಬಂಧವಾದರೆ ಸಮಪಾಲು. ಇದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡ ಸಂಖ್ಯೆ. ಸಲ್ಫೇಟ್‌ನ ಸಲ್ಫರ್ ಮೇಲೆ ನಿಜವಾಗಿ +6 ಚಾರ್ಜ್ ಕೂತಿರುವುದಿಲ್ಲ.

## ಹಂತ 1: ಅಯಾನನ್ನು ಬಿಡಿಸಿ ಬರೆಯಿರಿ

ಸೂತ್ರ ನೋಡಿದ ಕೂಡಲೇ ಸಮೀಕರಣಕ್ಕೆ ಹಾರಬೇಡಿ. ಮೊದಲು ಹೀಗೆ ಬರೆಯಿರಿ:

ಸಲ್ಫೇಟ್: ಸಲ್ಫರ್ 1, ಆಕ್ಸಿಜನ್ 4, ಚಾರ್ಜ್ 2−

ಸೂತ್ರದಲ್ಲಿ ಕೆಳಗೆ ಬರೆದ ಅಂಕಿ ಪರಮಾಣುಗಳ ಎಣಿಕೆ. ಬಲಗಡೆ ಮೇಲೆ ಬರೆದ ಅಂಕಿ ಮತ್ತು ಚಿಹ್ನೆ ಇಡೀ ಅಯಾನಿನ ಚಾರ್ಜ್, ಕೊನೆಯ ಪರಮಾಣುವಿನದ್ದು ಮಾತ್ರ ಅಲ್ಲ. ಇದು ತೀರಾ ಸಣ್ಣ ವಿಷಯ ಅನ್ನಿಸಬಹುದು. ಆದರೆ ಪೆರಾಕ್ಸೈಡ್ ಅಯಾನಿನಲ್ಲಿ ಕೆಳಗೂ 2, ಮೇಲೂ 2. ಅವಸರದಲ್ಲಿ ಒಂದನ್ನೇ ಓದಿದರೆ ಲೆಕ್ಕ ಅಲ್ಲೇ ಹಳ್ಳ ಹಿಡಿಯುತ್ತದೆ. ಮೇಲೆ ಬರೀ ಒಂದು ಚಿಹ್ನೆ ಇದ್ದು ಅಂಕಿ ಇಲ್ಲದಿದ್ದರೆ ಅದು 1. ನೈಟ್ರೇಟ್‌ನ ಮೇಲೆ ಬರೀ ಮೈನಸ್ ಇದೆ ಅಂದರೆ 1−.

ಪ್ರಶ್ನೆಯಲ್ಲಿ ಅಯಾನಿನ ಬದಲು ಇಡೀ ಸಂಯುಕ್ತ ಕೊಟ್ಟಿದ್ದರೆ ಅದನ್ನು ಅಯಾನುಗಳಾಗಿ ಒಡೆಯುವುದೂ ಈ ಹಂತದ ಕೆಲಸವೇ. ಪೊಟ್ಯಾಸಿಯಂ ಡೈಕ್ರೋಮೇಟ್‌ನಲ್ಲಿ ಎರಡು ಪೊಟ್ಯಾಸಿಯಂ ಅಯಾನು, ಒಂದು ಡೈಕ್ರೋಮೇಟ್ ಅಯಾನು. ಪೊಟ್ಯಾಸಿಯಂ ಒಂದೊಂದಕ್ಕೆ 1+, ಹಾಗಾಗಿ ಡೈಕ್ರೋಮೇಟ್ 2−.

ಅಮೋನಿಯಂ ನೈಟ್ರೇಟ್‌ನಂಥದ್ದರಲ್ಲಂತೂ ಒಡೆಯದೆ ದಾರಿಯೇ ಇಲ್ಲ. ಅಲ್ಲಿ ಎರಡು ನೈಟ್ರೋಜನ್ ಇವೆ, ಎರಡೂ ಬೇರೆ ಬೇರೆ ಅಯಾನಿನಲ್ಲಿ. ಒಟ್ಟಿಗೆ ಲೆಕ್ಕ ಹಾಕಿದರೆ ಎರಡಕ್ಕೂ ಸೇರಿ ಸರಾಸರಿ +1 ಬರುತ್ತದೆ. ನಿಜದಲ್ಲಿ ಒಂದು −3, ಇನ್ನೊಂದು +5. ಎರಡರಲ್ಲಿ ಯಾವುದೂ +1 ಅಲ್ಲ!

## ಹಂತ 2: ಗೊತ್ತಿರುವುದನ್ನು ಈ ಕ್ರಮದಲ್ಲೇ ಹಾಕಿ

ಜಾಸ್ತಿ ಜನ ಎಡವುವುದು ಇಲ್ಲೇ. ಪಟ್ಟಿ ಇದು:

1. ಫ್ಲೋರಿನ್ ಇದ್ದರೆ −1.
2. ಒಂದನೇ ಗುಂಪಿನ ಲೋಹ ಇದ್ದರೆ +1, ಎರಡನೇ ಗುಂಪಿನದ್ದಾದರೆ +2, ಅಲ್ಯೂಮಿನಿಯಂ ಆದರೆ +3.
3. ಹೈಡ್ರೋಜನ್ ಇದ್ದರೆ +1.
4. ಆಕ್ಸಿಜನ್ ಇದ್ದರೆ −2.
5. ಕ್ಲೋರಿನ್, ಬ್ರೋಮಿನ್, ಅಯೋಡಿನ್ ಇದ್ದರೆ −1. ಮೇಲಿನ ನಾಲ್ಕೂ ಹಾಕಿ ಆದ ಮೇಲೂ ಇವುಗಳ ಬೆಲೆ ನಿರ್ಧಾರ ಆಗದಿದ್ದರೆ ಮಾತ್ರ.

ಮೇಲಿನ ನಿಯಮಕ್ಕೂ ಕೆಳಗಿನ ನಿಯಮಕ್ಕೂ ಜಗಳ ಬಂದರೆ ಮೇಲಿನದ್ದೇ ಗೆಲ್ಲುತ್ತದೆ. ಇದೊಂದು ನೆನಪಿದ್ದರೆ ಬೇರೆಯಾಗಿ ಬಾಯಿಪಾಠ ಮಾಡಬೇಕಾದ ವಿನಾಯಿತಿಗಳು ಬಹಳಷ್ಟು ತಾವಾಗಿಯೇ ಸರಿಹೋಗುತ್ತವೆ.

ಹೈಡ್ರೋಜನ್ ಪೆರಾಕ್ಸೈಡ್ ನೋಡಿ: ಹೈಡ್ರೋಜನ್ 2, ಆಕ್ಸಿಜನ್ 2, ಚಾರ್ಜ್ ಇಲ್ಲ. ಮೊದಲು ಹೈಡ್ರೋಜನ್‌ಗೆ +1, ಎರಡಕ್ಕೆ +2. ಉಳಿದ ಎರಡು ಆಕ್ಸಿಜನ್ ಸೇರಿ −2, ಅಂದರೆ ಒಂದೊಂದಕ್ಕೆ −1. ಪೆರಾಕ್ಸೈಡ್‌ನಲ್ಲಿ ಆಕ್ಸಿಜನ್ −1 ಅನ್ನುವ ವಿನಾಯಿತಿಯನ್ನು ನೀವು ಬಾಯಿಪಾಠ ಮಾಡಿಯೇ ಇಲ್ಲ, ಆದರೂ ಬಂತು. ಸೋಡಿಯಂ ಹೈಡ್ರೈಡ್‌ನಲ್ಲಿ ಸೋಡಿಯಂಗೆ ಮೊದಲು +1 ಹಾಕಿದರೆ ಹೈಡ್ರೋಜನ್ ತಾನಾಗಿ −1. ಎರಡು ಫ್ಲೋರಿನ್ ಜೊತೆ ಒಂದು ಆಕ್ಸಿಜನ್ ಇದ್ದರೆ, ಫ್ಲೋರಿನ್‌ನಿಂದ ಶುರು ಮಾಡಿ, ಆಕ್ಸಿಜನ್ +2 ಬರುತ್ತದೆ.

ಐದನೇ ಸಾಲು ಯಾಕೆ ಕೊನೆಯಲ್ಲಿದೆ? ಪರ್‌ಕ್ಲೋರೇಟ್ ತಗೊಳ್ಳಿ: ಕ್ಲೋರಿನ್ 1, ಆಕ್ಸಿಜನ್ 4, ಚಾರ್ಜ್ 1−. ‘ಕ್ಲೋರಿನ್ ಅಂದರೆ −1’ ಅಂತ ಮೊದಲೇ ಹಾಕಿಬಿಟ್ಟರೆ ಮೊತ್ತ ಅಲ್ಲಿಗೇ ಮುಗಿಯುತ್ತದೆ. ನಾಲ್ಕು ಆಕ್ಸಿಜನ್‌ಗೂ ಸೊನ್ನೆ ಬರುತ್ತದೆ. ಕ್ಲೋರಿನ್‌ಗಿಂತ ಜಾಸ್ತಿ ಎಳೆಯುವ ಆಕ್ಸಿಜನ್ ಸುಮ್ನೆ ಕೂತಿರುತ್ತಾ? ಆಕ್ಸಿಜನ್ ಮೊದಲು ಹಾಕಿದರೆ ಕ್ಲೋರಿನ್‌ಗೆ ಸರಿಯಾದ +7 ಸಿಗುತ್ತದೆ.

ಪಟ್ಟಿ ಕೈಕೊಡುವ ಒಂದು ಜಾಗವನ್ನೂ ಹೇಳಿಬಿಡುತ್ತೇನೆ. ಬೋರೋಹೈಡ್ರೈಡ್ ಅಯಾನಿನಲ್ಲಿ ಬೋರಾನ್ 1, ಹೈಡ್ರೋಜನ್ 4, ಚಾರ್ಜ್ 1−. ಮೂರನೇ ನಿಯಮ ಕಣ್ಮುಚ್ಚಿ ಹಾಕಿದರೆ ಬೋರಾನ್ −5. ಈಗ ವಿದ್ಯುದೃಣತೆ ನೋಡಿ: ಹೈಡ್ರೋಜನ್ 2.20, ಬೋರಾನ್ 2.04. ಎಳೆಯುವವನು ಹೈಡ್ರೋಜನ್. ಹಾಗಾಗಿ ಇಲ್ಲಿ ಹೈಡ್ರೋಜನ್ −1, ಬೋರಾನ್ +3. ಹೈಡ್ರೋಜನ್ ಪಕ್ಕದಲ್ಲಿ ಲೋಹವೋ ಬೋರಾನೋ ಕಂಡರೆ ಪಟ್ಟಿ ಬಿಟ್ಟು ವಿದ್ಯುದೃಣತೆ ನೋಡಿ.

## ಹಂತ 3: ಸಮೀಕರಣ ಬರೆಯಿರಿ, ಬಲಗಡೆ ಚಾರ್ಜ್

ಗೊತ್ತಿಲ್ಲದ ಧಾತುವಿಗೆ ಎಕ್ಸ್ ಅನ್ನಿ. ಪ್ರತಿ ಧಾತುವಿನ ಎಣಿಕೆಯನ್ನು ಅದರ ಸಂಖ್ಯೆಯಿಂದ ಗುಣಿಸಿ, ಎಲ್ಲ ಕೂಡಿಸಿ. ಬಲಗಡೆ ಅಯಾನಿನ ಚಾರ್ಜ್ ಬರೆಯಿರಿ, ಚಿಹ್ನೆ ಸಮೇತ.

ಎಕ್ಸ್ + 4 × (−2) = −2

ನನ್ನ ಸಲಹೆ: ಬಲಗಡೆಯ ಸಂಖ್ಯೆಯನ್ನೇ ಎಲ್ಲಕ್ಕಿಂತ ಮೊದಲು ಬರೆಯಿರಿ, ಎಡಗಡೆ ಆಮೇಲೆ ತುಂಬಿಸಿ. ವಿಚಿತ್ರ ಅನ್ನಿಸಿದರೂ +8 ಅನ್ನುವ ತಪ್ಪು ಇದರಿಂದಲೇ ಹೋಗುತ್ತದೆ. ತಟಸ್ಥ ಸಂಯುಕ್ತಗಳ ಲೆಕ್ಕ ಮಾಡಿ ಮಾಡಿ ಬಲಗಡೆ ಸೊನ್ನೆ ಬರೆಯುವುದು ಕೈಗೆ ಅಭ್ಯಾಸ ಆಗಿರುತ್ತದೆ. ಆ ಅಭ್ಯಾಸಕ್ಕೆ ಮೊದಲೇ ತಡೆ ಹಾಕಬೇಕು.

ಆವರಣ ಬಿಡಬೇಡಿ. ‘4 × −2’ ಅಂತ ಬರೆದವರು ಮುಂದಿನ ಸಾಲಿನಲ್ಲಿ ‘4 − 2’ ಮಾಡಿಕೊಳ್ಳುವುದು ಬಹಳ ಸಲೀಸು.

## ಹಂತ 4: ಬಿಡಿಸಿ, ಬೇಕಾದರೆ ಭಾಗಿಸಿ

ಎಕ್ಸ್ − 8 = −2. ಆದ್ದರಿಂದ ಎಕ್ಸ್ = +6.

ಗೊತ್ತಿಲ್ಲದ ಧಾತುವಿನ ಪರಮಾಣು ಒಂದೇ ಇದ್ದರೆ ಇಲ್ಲಿಗೆ ಮುಗಿಯಿತು. ಒಂದಕ್ಕಿಂತ ಜಾಸ್ತಿ ಇದ್ದರೆ ಭಾಗಿಸಲೇಬೇಕು. ಡೈಕ್ರೋಮೇಟ್: ಕ್ರೋಮಿಯಂ 2, ಆಕ್ಸಿಜನ್ 7, ಚಾರ್ಜ್ 2−.

2 × ಎಕ್ಸ್ + 7 × (−2) = −2
2 × ಎಕ್ಸ್ = +12
ಎಕ್ಸ್ = +6

+12 ಅಂತ ಬರೆದು ಪೆನ್ನು ಕೆಳಗಿಟ್ಟರೆ ಅದು ಎರಡು ಕ್ರೋಮಿಯಂಗಳ ಒಟ್ಟು ಮೊತ್ತ. ಉತ್ಕರ್ಷಣ ಸಂಖ್ಯೆ ಯಾವಾಗಲೂ ಒಂದು ಪರಮಾಣುವಿನದ್ದು.

## ಹಂತ 5: ಎರಡು ಪರೀಕ್ಷೆ, ಎರಡೂ ಬೇಕು

ಮಿತಿ ಪರೀಕ್ಷೆ. ಮುಖ್ಯ ಗುಂಪಿನ ಧಾತು ತನ್ನ ಹೊರಕವಚದಲ್ಲಿ ಇರುವುದಕ್ಕಿಂತ ಜಾಸ್ತಿ ಎಲೆಕ್ಟ್ರಾನ್ ಕೊಡಲಾರದು. ಎಂಟು ತುಂಬಲು ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ತಗೊಳ್ಳಲೂ ಆರದು. ಹಾಗಾಗಿ ಕಾರ್ಬನ್ −4 ರಿಂದ +4, ನೈಟ್ರೋಜನ್ ಮತ್ತು ಫಾಸ್ಫರಸ್ −3 ರಿಂದ +5, ಸಲ್ಫರ್ −2 ರಿಂದ +6, ಕ್ಲೋರಿನ್ −1 ರಿಂದ +7. ಸಂಕ್ರಮಣ ಲೋಹಗಳಲ್ಲಿ ಕ್ರೋಮಿಯಂಗೆ +6, ಮ್ಯಾಂಗನೀಸ್‌ಗೆ +7 ಮೇಲಿನ ಗಡಿ. ಸಲ್ಫರ್‌ಗೆ +8 ಅಥವಾ +10 ಬಂದಿದ್ದರೆ, ಕ್ರೋಮಿಯಂಗೆ +12 ಬಂದಿದ್ದರೆ, ಈ ಪರೀಕ್ಷೆ ಕೂಡಲೇ ಹಿಡಿಯುತ್ತದೆ.

ಮರಳಿ ಹಾಕುವ ಪರೀಕ್ಷೆ. ಸಲ್ಫರ್‌ಗೆ 0 ಬಂದಿದ್ದರೆ ಮಿತಿ ಪರೀಕ್ಷೆಗೆ ಅದು ಸಿಗುವುದಿಲ್ಲ, ಯಾಕೆಂದರೆ 0 ಗಡಿಯ ಒಳಗೇ ಇದೆ. ಅದಕ್ಕೆ ಉತ್ತರವನ್ನು ಹಂತ 1 ರ ಪಟ್ಟಿಗೆ ಮರಳಿ ಹಾಕಿ: ಸಲ್ಫರ್ 1 × 0, ಆಕ್ಸಿಜನ್ 4 × (−2), ಮೊತ್ತ −8. ಚಾರ್ಜ್ −2. ಹೊಂದಲಿಲ್ಲ. ಗಮನಿಸಿ, ನಿಮ್ಮ ಸಮೀಕರಣಕ್ಕೆ ಮರಳಿ ಹಾಕಬೇಡಿ. ಸಮೀಕರಣವೇ ತಪ್ಪಿದ್ದರೆ ತಪ್ಪು ಉತ್ತರ ಅದಕ್ಕೆ ಸರಿಯಾಗಿಯೇ ಹೊಂದುತ್ತದೆ.

## ಕ್ರಮವನ್ನು ಓಡಿಸಿ ನೋಡೋಣ

ಅಮೋನಿಯಂ. ನೈಟ್ರೋಜನ್ 1, ಹೈಡ್ರೋಜನ್ 4, ಚಾರ್ಜ್ 1+. ಎಕ್ಸ್ + 4 × (+1) = +1. ಎಕ್ಸ್ = −3. ಬಲಗಡೆ ಸೊನ್ನೆ ಬರೆದವರಿಗೆ −4, ಚಿಹ್ನೆ ತಿರುಗಿಸಿದವರಿಗೆ −5. ಎರಡೂ ನೈಟ್ರೋಜನ್‌ನ ಗಡಿ ದಾಟಿವೆ. ಅಯಾನು ಧನ ಆಗಿದ್ದರೂ ಒಳಗಿನ ನೈಟ್ರೋಜನ್ ಋಣ. ಇದನ್ನು ನೋಡಿ ಗಾಬರಿ ಬಿದ್ದು ಚಿಹ್ನೆ ಬದಲಾಯಿಸುವವರಿದ್ದಾರೆ. ಬೇಡ.

ಪರ್‌ಮ್ಯಾಂಗನೇಟ್ ಮತ್ತು ಮ್ಯಾಂಗನೇಟ್. ಎರಡರಲ್ಲೂ ಮ್ಯಾಂಗನೀಸ್ 1, ಆಕ್ಸಿಜನ್ 4. ಮೊದಲನೆಯದರ ಚಾರ್ಜ್ 1−, ಎರಡನೆಯದರದ್ದು 2−. ಮೊದಲನೆಯದರಲ್ಲಿ ಮ್ಯಾಂಗನೀಸ್ +7, ಎರಡನೆಯದರಲ್ಲಿ +6. ಒಂದು ನೇರಳೆ, ಇನ್ನೊಂದು ಹಸಿರು. ಪರಮಾಣುಗಳ ಎಣಿಕೆ ಒಂದೇ ಇದ್ದು ಚಾರ್ಜ್ ಮಾತ್ರ ಬೇರೆ. ಚಾರ್ಜ್ ಮರೆತರೆ ಎರಡಕ್ಕೂ +8 ಬರುತ್ತದೆ, ಎರಡು ಬೇರೆ ವಸ್ತುಗಳು ಒಂದೇ ಆಗಿಬಿಡುತ್ತವೆ.

ಕ್ರೋಮೇಟ್. ಕ್ರೋಮಿಯಂ 1, ಆಕ್ಸಿಜನ್ 4, ಚಾರ್ಜ್ 2−. ಉತ್ತರ +6. ಡೈಕ್ರೋಮೇಟ್‌ನಲ್ಲೂ +6 ಬಂದಿತ್ತು ಅಲ್ವಾ? ಹಳದಿ ಕ್ರೋಮೇಟ್ ದ್ರಾವಣಕ್ಕೆ ಆಮ್ಲ ಹಾಕಿದಾಗ ಕಿತ್ತಳೆ ಡೈಕ್ರೋಮೇಟ್ ಆಗುತ್ತದೆ. ಬಣ್ಣ ಬದಲಾಯಿತು, ಆದರೆ ಸಂಖ್ಯೆ ಬದಲಾಗಲಿಲ್ಲ. ಹಾಗಾಗಿ ಅದು ಉತ್ಕರ್ಷಣವೂ ಅಲ್ಲ, ಅಪಕರ್ಷಣವೂ ಅಲ್ಲ. ಇಂಥ ಪ್ರಶ್ನೆಗೆ ಬಣ್ಣ ನೋಡಿ ಉತ್ತರ ಹೇಳಬೇಡಿ.

ಬೈಕಾರ್ಬೋನೇಟ್. ಹೈಡ್ರೋಜನ್ 1, ಕಾರ್ಬನ್ 1, ಆಕ್ಸಿಜನ್ 3, ಚಾರ್ಜ್ 1−. (+1) + ಎಕ್ಸ್ − 6 = −1, ಎಕ್ಸ್ = +4. ಕಾರ್ಬೋನೇಟ್‌ನಲ್ಲೂ +4. ಇಂಥ ಅಯಾನಿನ ಆಕ್ಸಿಜನ್‌ಗೆ ಒಂದು ಹೈಡ್ರೋಜನ್ ಅಯಾನು ಅಂಟಿಕೊಂಡರೆ ಎಡಗಡೆ +1, ಬಲಗಡೆಯೂ +1. ನಡುವಿನ ಧಾತು ಅಲುಗುವುದಿಲ್ಲ. ಫಾಸ್ಫೇಟ್, ಹೈಡ್ರೋಜನ್ ಫಾಸ್ಫೇಟ್, ಡೈಹೈಡ್ರೋಜನ್ ಫಾಸ್ಫೇಟ್ ಮೂರರಲ್ಲೂ ಫಾಸ್ಫರಸ್ +5 ಇರುವುದು ಇದಕ್ಕೇ.

ಕ್ಲೋರಿನ್ ಸಾಲು. ಹೈಪೋಕ್ಲೋರೈಟ್, ಕ್ಲೋರೈಟ್, ಕ್ಲೋರೇಟ್, ಪರ್‌ಕ್ಲೋರೇಟ್. ಎಲ್ಲದರ ಚಾರ್ಜೂ 1−, ಆಕ್ಸಿಜನ್ ಮಾತ್ರ 1, 2, 3, 4. ಕ್ಲೋರಿನ್ +1, +3, +5, +7. ಒಂದು ಆಕ್ಸಿಜನ್ ಜಾಸ್ತಿಯಾದಾಗಲೆಲ್ಲ ಎರಡು ಏರುತ್ತದೆ.

## ಎರಡು ಧಾತುಗಳ ಸಂಖ್ಯೆ ಗೊತ್ತಿಲ್ಲದಾಗ

ಸಯನೈಡ್‌ನಲ್ಲಿ ಕಾರ್ಬನ್ 1, ನೈಟ್ರೋಜನ್ 1, ಚಾರ್ಜ್ 1−. ಹಂತ 2 ರ ಪಟ್ಟಿಯಲ್ಲಿ ಎರಡೂ ಇಲ್ಲ. ಒಂದು ಸಮೀಕರಣ, ಎರಡು ಅಜ್ಞಾತ. ಇಲ್ಲಿ ವಿದ್ಯುದೃಣತೆ ಕೈಹಿಡಿಯುತ್ತದೆ. ಜಾಸ್ತಿ ಎಳೆಯುವುದು ನೈಟ್ರೋಜನ್. ಎಂಟು ತುಂಬಲು ಅದಕ್ಕೆ ಮೂರು ಬೇಕು, ಹಾಗಾಗಿ −3. ಉಳಿದ ಕಾರ್ಬನ್ +2.

ಲೋಹದ ಸುತ್ತ ಸಯನೈಡ್‌ಗಳು ಕೂತಿದ್ದರೆ ಅವುಗಳನ್ನು ಒಡೆಯುವ ಗೋಜಿಗೇ ಹೋಗಬೇಡಿ. ಪ್ರತಿ ಸಯನೈಡನ್ನು ಇಡಿಯಾಗಿ −1 ಅಂತ ಇಟ್ಟುಕೊಳ್ಳಿ. ಆರು ಸಯನೈಡ್ ಇರುವ ಕಬ್ಬಿಣದ ಅಯಾನುಗಳು ಎರಡಿವೆ. ಚಾರ್ಜ್ 4− ಆಗಿರುವುದರಲ್ಲಿ ಕಬ್ಬಿಣ +2, 3− ಆಗಿರುವುದರಲ್ಲಿ +3.

## ಭಿನ್ನರಾಶಿ ಬಂದರೆ

ಲೆಕ್ಕ ತಪ್ಪಿರಬಹುದು, ಒಮ್ಮೆ ನೋಡಿ. ಸರಿಯಾಗಿದ್ದರೆ ಭಿನ್ನರಾಶಿಯನ್ನು ಹಾಗೇ ಬಿಡಿ. ಪೂರ್ಣಾಂಕ ಮಾಡಲು ಹೋಗಬೇಡಿ. ಅಂಥ ಸಂಖ್ಯೆ ಸರಾಸರಿ ಅಷ್ಟೇ.

ಟೆಟ್ರಾಥಯೋನೇಟ್: ಸಲ್ಫರ್ 4, ಆಕ್ಸಿಜನ್ 6, ಚಾರ್ಜ್ 2−. 4 × ಎಕ್ಸ್ = +10, ಎಕ್ಸ್ = +2.5. ನಾಲ್ಕು ಸಲ್ಫರ್‌ಗಳು ಒಂದೇ ಥರದ ಜಾಗದಲ್ಲಿಲ್ಲ, ಅದಕ್ಕೇ ಹೀಗೆ. ಈ 2.5 ಕೆಲಸಕ್ಕೆ ಬಾರದ್ದೇನಲ್ಲ. ಅಯೋಡಿನ್ ಟೈಟ್ರೇಷನ್‌ನಲ್ಲಿ ಎರಡು ಥಯೋಸಲ್ಫೇಟ್ ಸೇರಿ ಒಂದು ಟೆಟ್ರಾಥಯೋನೇಟ್ ಆಗುತ್ತದೆ. ಥಯೋಸಲ್ಫೇಟ್‌ನಲ್ಲಿ ಸಲ್ಫರ್ ಸರಾಸರಿ +2, ನಾಲ್ಕಕ್ಕೆ +8. ಆಮೇಲೆ ನಾಲ್ಕಕ್ಕೆ +10. ಹೋದದ್ದು ಎರಡು ಎಲೆಕ್ಟ್ರಾನ್, ಒಂದು ಅಯೋಡಿನ್ ಅಣು ತಗೊಳ್ಳುವುದೂ ಎರಡೇ. ಸರಾಸರಿ ಇಟ್ಟುಕೊಂಡೇ ಲೆಕ್ಕ ಸರಿಹೋಯಿತು.

ಪೂರ್ಣಾಂಕ ಬಂದ ಮಾತ್ರಕ್ಕೆ ಅದು ಸರಾಸರಿ ಅಲ್ಲ ಅಂತಲೂ ಅಲ್ಲ. ಅಸಿಟೇಟ್‌ನಲ್ಲಿ ಕಾರ್ಬನ್ 2, ಹೈಡ್ರೋಜನ್ 3, ಆಕ್ಸಿಜನ್ 2, ಚಾರ್ಜ್ 1−. ಉತ್ತರ 0. ಆದರೆ ಒಂದು ಕಾರ್ಬನ್‌ಗೆ ಮೂರು ಹೈಡ್ರೋಜನ್ ಅಂಟಿವೆ, ಅದು −3. ಇನ್ನೊಂದಕ್ಕೆ ಎರಡು ಆಕ್ಸಿಜನ್, ಅದು +3.

## ಗಡಿ ದಾಟಿದ ಉತ್ತರ, ಆದರೆ ಲೆಕ್ಕ ಸರಿ

ಪೆರಾಕ್ಸಿಡೈಸಲ್ಫೇಟ್: ಸಲ್ಫರ್ 2, ಆಕ್ಸಿಜನ್ 8, ಚಾರ್ಜ್ 2−. 2 × ಎಕ್ಸ್ − 16 = −2, ಎಕ್ಸ್ = +7. ಗುಣಿಸಿದ್ದು ಸರಿ, ಕೂಡಿದ್ದು ಸರಿ, ಭಾಗಿಸಿದ್ದೂ ಸರಿ. ಆದರೆ ಸಲ್ಫರ್‌ಗೆ +6 ಮೀರುವ ಹಾಗಿಲ್ಲ.

ಹೀಗಾದರೆ ಆಕ್ಸಿಜನ್ ಕಡೆ ಅನುಮಾನದಿಂದ ನೋಡಿ. ಎರಡು ಆಕ್ಸಿಜನ್‌ಗಳು ಒಂದಕ್ಕೊಂದು ನೇರ ಅಂಟಿಕೊಂಡಿರುತ್ತವೆ. ಆ ಎರಡಕ್ಕೆ ಒಂದೊಂದು −1, ಉಳಿದ ಆರಕ್ಕೆ −2. ಈಗ 2 × ಎಕ್ಸ್ − 12 − 2 = −2, ಎಕ್ಸ್ = +6. ಹೆಸರಿನಲ್ಲಿ ‘ಪೆರಾಕ್ಸಿ’ ಕಂಡರೆ ಮೊದಲೇ ಎಚ್ಚರ. ‘ಪರ್‌ಕ್ಲೋರೇಟ್’, ‘ಪರ್‌ಮ್ಯಾಂಗನೇಟ್’ ಹೆಸರಿನ ‘ಪರ್’ ಬೇರೆ. ಅಲ್ಲಿ ಆಕ್ಸಿಜನ್‌ಗಳ ನಡುವೆ ಬಂಧ ಇಲ್ಲ.

## ಉತ್ತರ ಬರೆಯುವ ರೀತಿ

ಉತ್ಕರ್ಷಣ ಸಂಖ್ಯೆಗೆ ಚಿಹ್ನೆ ಮೊದಲು: +6. ಅಯಾನಿನ ಚಾರ್ಜಿಗೆ ಅಂಕಿ ಮೊದಲು: 2−. ಈ ಶಿಸ್ತು ಇಟ್ಟುಕೊಂಡರೆ ಯಾವುದು ಏನು ಅಂತ ನಿಮ್ಮ ಹಾಳೆ ನಿಮಗೇ ಹೇಳುತ್ತದೆ. ಸಮೀಕರಣದ ಬಲಗಡೆ ಹೋದಾಗ ಮಾತ್ರ ಚಾರ್ಜ್ ಸಾಮಾನ್ಯ ಸಂಖ್ಯೆಯ ಹಾಗೆ −2 ಆಗುತ್ತದೆ. ಧನ ಸಂಖ್ಯೆಗೆ ಪ್ಲಸ್ ಬಿಡಬೇಡಿ. ಬರೀ 6 ಅಂತ ಬರೆದರೆ ಅದು ಎಣಿಕೆಯೋ ಸಂಖ್ಯೆಯೋ ಗೊತ್ತಾಗುವುದಿಲ್ಲ.

## ನೀವೇ ಮಾಡಿ ನೋಡಿ

ಉತ್ತರ ಕೆಳಗಿದೆ, ಮೊದಲು ಮುಚ್ಚಿಕೊಳ್ಳಿ.

1. ಸಲ್ಫೈಟ್: ಸಲ್ಫರ್ 1, ಆಕ್ಸಿಜನ್ 3, ಚಾರ್ಜ್ 2−
2. ನೈಟ್ರೈಟ್: ನೈಟ್ರೋಜನ್ 1, ಆಕ್ಸಿಜನ್ 2, ಚಾರ್ಜ್ 1−
3. ಆಕ್ಸಲೇಟ್: ಕಾರ್ಬನ್ 2, ಆಕ್ಸಿಜನ್ 4, ಚಾರ್ಜ್ 2−
4. ಪೈರೋಫಾಸ್ಫೇಟ್: ಫಾಸ್ಫರಸ್ 2, ಆಕ್ಸಿಜನ್ 7, ಚಾರ್ಜ್ 4−
5. ಇರಿಡಿಯಂ 1, ಆಕ್ಸಿಜನ್ 4, ಚಾರ್ಜ್ 1+

ಮೊದಲನೆಯದು +4. ನಿಮಗೆ +6 ಬಂದಿದ್ದರೆ ಬಲಗಡೆ ಸೊನ್ನೆ ಇದೆ. ಇದು ಗಡಿಯ ಒಳಗೇ ಇರುವುದರಿಂದ ಮಿತಿ ಪರೀಕ್ಷೆ ನಿಮ್ಮನ್ನು ಕಾಪಾಡಿರುವುದಿಲ್ಲ. ಎರಡನೆಯದು +3. ಮೂರನೆಯದು +3, +6 ಬಂದಿದ್ದರೆ ಭಾಗಿಸಿಲ್ಲ. ನಾಲ್ಕನೆಯದು +5. ಇಲ್ಲಿ +10 ಬಂದರೆ ಭಾಗಿಸಿಲ್ಲ, +7 ಬಂದರೆ ಚಾರ್ಜ್ ಬಿಟ್ಟಿದ್ದೀರಿ.

ಐದನೆಯದು +9. ಇಷ್ಟು ದೊಡ್ಡ ಸಂಖ್ಯೆ ನೋಡಿ ಅಳಿಸಿ ಹಾಕಿದ್ದರೆ ಮತ್ತೆ ಬರೆಯಿರಿ. ಈ ಅಯಾನು ನಿಜವಾಗಿಯೂ ಇದೆ. ಇರಿಡಿಯಂನ ಹೊರಗಿನ ಒಂಬತ್ತೂ ಎಲೆಕ್ಟ್ರಾನುಗಳು ಇಲ್ಲಿ ಲೆಕ್ಕಕ್ಕೆ ಬಂದಿವೆ. ಅದನ್ನು ಅನಿಲ ಸ್ಥಿತಿಯಲ್ಲಿ ಗುರುತಿಸಿದ ವರದಿ 2014 ರಲ್ಲಿ ಪ್ರಕಟವಾಯಿತು.